ಗೆರೆ ಕಾಯುವವಳು

ಪರದೆಯ ಮೇಲೆ ನೀಲಿ ಗೆರೆ ಇವತ್ತು ಎಷ್ಟು ಸಾಧುವಾಗಿ ಹರಿದುಹೋಗುತ್ತಿದೆ, ಅದರ ಮೇಲೆ ಗೇಣು ಬಿಟ್ಟು ಕೆಂಪು ಗೆರೆ, ಎರಡರ ನಡುವಿನ ಆ ಬಿಳಿ ಜಾಗವೇ ನನ್ನ ಅನ್ನ — ಕೆಂಪು ಅಂದರೆ ಸೆಕೆಂಡಿಗೆ ಇಷ್ಟು ಅಂಕಿ ಬರೆದುಕೊಂಡರೆ ಸಾಕು ಎಂದು ಡೇಟಾಬೇಸ್ ಬಾಡಿಗೆಗೆ ಕೊಡುವ ಕ್ಲೌಡ್‌ನವರ ಹತ್ತಿರ ನಾವು ಮೊದಲೇ ಕಾದಿರಿಸಿಕೊಂಡ ಮಿತಿ, ನೀಲಿ ಅಂದರೆ ನಿಜವಾಗಿ ಬರೆದುಕೊಳ್ಳುತ್ತಿರುವುದು, ನೀಲಿ ಹೋಗಿ ಕೆಂಪನ್ನು ಮುಟ್ಟದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ, ಗೆರೆ ಕಾಯೋದಕ್ಕೂ ಸಂಬಳ ಕೊಡ್ತಾರೇನೇ ಅಂತ ನಮ್ಮನೆಯವರು, ಕೊಡ್ತಾರೆ ರೀ, ಹಾಲು ಉಕ್ಕದ ಹಾಗೆ ಕಾಯೋದಕ್ಕೆ ನೀವು ಕೊಡ್ತಿಲ್ಲ ಅಷ್ಟೇ ಅಂದಿದ್ದೆ, ಪಾಪ, ಅವತ್ತಿನಿಂದ ಹಾಲಿನ ಮುಂದೆ ಅವರೇ ನಿಲ್ಲುತ್ತಾರೆ, ಅವರ ಹೊಟ್ಟೆ ತಣ್ಣಗಿರಲಿ. ಇನ್ನು ಮೇಷ್ಟ್ರು, ನಮ್ಮ ತಂಡದ ಹಿರಿಯರು, ಪಾಠ ಮಾಡದೆ ಮಾತೇ ಆಡುವುದಿಲ್ಲ, ಅದಕ್ಕೇ ಮೇಷ್ಟ್ರು — ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವಳನ್ನು ಕರೆದು ಕುರ್ಚಿ ಕೊಟ್ಟ ಪುಣ್ಯಾತ್ಮ, ಮೊದಲ ದಿನವೇ ನಾನು ಪರದೆಯ ಅಂಕಿ ಮಿತಿಯ ಎಷ್ಟೋ ಪಟ್ಟು ಇರುವುದು ಕಂಡು ಮೇಷ್ಟ್ರೇ ಮುಳುಗಿ ಹೋದ್ವಿ ಅಂತ ಆಫೀಸು ಹಾರಿಹೋಗುವ ಹಾಗೆ ಕಿರುಚಿದ್ದೆ, ಪರದೆ ತೋರಿಸುವುದು ನಿಮಿಷದ ಮೊತ್ತ, ಮಿತಿ ಇರುವುದು ಸೆಕೆಂಡಿಗೆ, ಅರವತ್ತರಿಂದ ಭಾಗಿಸಬೇಕಮ್ಮಾ ಅಂದರು ನಗದೆ, ಉಳಿದವರೆಲ್ಲ ನಕ್ಕರು, ಅವತ್ತಿನಿಂದ ನನ್ನ ಹೆಸರು ಅರವತ್ತು, ಇರಲಿ, ಮನೆಯಲ್ಲಿ ಬರೀ ಏ ಅನ್ನಿಸಿಕೊಳ್ಳುತ್ತಿದ್ದವಳಿಗೆ ಇದೂ ಬಡ್ತಿಯೇ. ಈ ನೀಲಿ ಗೆರೆಯೊಳಗೆ ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯ ಮಕ್ಕಳು, ತೋಳಿಗೆ ಅಂಟಿಸಿದ ನಾಣ್ಯದಷ್ಟು ಸೆನ್ಸರ್, ರಕ್ತದಲ್ಲಿ ಸಕ್ಕರೆ ಎಷ್ಟೆಂದು ನಿಮಿಷಕ್ಕೊಂದು ಅಂಕಿ, ಮಗುವಿನ ಸೊಂಟದ ಫೋನಿನಿಂದ ನಮ್ಮ ಡೇಟಾಬೇಸ್‌ಗೆ, ಅಲ್ಲಿಂದ ಅಮ್ಮನ ಫೋನಿಗೆ, ಸಾವಿರಾರು ಮಕ್ಕಳು ಸೇರಿ ಒಂದು ಗೆರೆ, ಅದರಲ್ಲಿ ಎಲ್ಲೋ ನನ್ನದೂ ಒಂದು, ನನ್ನ ಮಗಳು ಇರುವೆ. ಸಕ್ಕರೆ ಡಬ್ಬ ಎಲ್ಲಿದೆಯೋ ಅಲ್ಲೇ ಸಿಗುತ್ತಿದ್ದಳು ಅಂತ ಅವಳಜ್ಜಿ ಇಟ್ಟ ಹೆಸರು, ಆಮೇಲೆ ಡಾಕ್ಟರು ಆ ಮಾತು ಹೇಳಿದರು, ಇನ್ನು ಈ ಹೆಸರು ಬೇಡ ಅಂದರೆ ಇವಳೇ ಬಿಡಲಿಲ್ಲ, ಇರುವೆ ತನಗಿಂತ ಜಾಸ್ತಿ ಭಾರ ಹೊರುತ್ತೆ ಗೊತ್ತಾ, ಸೈನ್ಸ್ ಪುಸ್ತಕದಲ್ಲಿದೆ ಅಂದಳು. ಇವತ್ತು ಅವಳ ಸ್ಕೂಲಿನಲ್ಲಿ ದೊಡ್ಡ ಓಟ, ಮೈದಾನಕ್ಕೆ ಆರು ಸುತ್ತು, ಅಮ್ಮಾ ನೀನು ಬರ್ಬೇಡ, ನೀನು ಬಂದ್ರೆ ಎಲ್ಲರೂ ನನ್ನ ಓಟ ಬಿಟ್ಟು ತೋಳು ನೋಡ್ತಾರೆ, ಸರಿ ಕಣೇ, ಬರಲ್ಲ. ಸ್ಕೂಲಿನಲ್ಲಿ ಅವಳ ಫೋನು ಕೂಗುವಂತಿಲ್ಲ, ಅಂಕಿ ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ನನ್ನ ಫೋನು ಕೂಗುತ್ತದೆ, ನಾನು ಆಟದ ಟೀಚರ್‌ಗೆ ಫೋನ್ ಮಾಡುತ್ತೇನೆ, ಟೀಚರ್ ಅವಳನ್ನು ನಿಲ್ಲಿಸುತ್ತಾರೆ, ಇದು ನಾವು ಮೂವರೂ ಮಾಡಿಕೊಂಡ ಒಪ್ಪಂದ.

ಫೋನಿನಲ್ಲಿ ತೊಂಬತ್ತಾರು, ಬಾಣ ಕೆಳಗೆ, ಓಟ ಶುರುವಾಗಿದೆ, ಓಡುವಾಗ ಇಳಿಯುತ್ತದೆ, ಇಳಿಯಲಿ, ಆದರೆ ಅರೆ, ಈ ಗೆರೆ ಯಾಕೆ ಏರುತ್ತಿದೆ, ಭಾಗಿಸು ತಾಯೀ ಭಾಗಿಸು, ಭಾಗಿಸಿದೆ, ಏರುತ್ತಲೇ ಇದೆ, ಕೆಂಪಿಗೆ ತಲೆ ತಾಗಿತು, ತಾಗಿ ಅಲ್ಲೇ ಚಪ್ಪಟೆಯಾಗಿ ಮಲಗಿತು, ಅದು ದಾಟುವುದಿಲ್ಲ, ಮಿತಿಗಿಂತ ಹೆಚ್ಚು ಬಂದದ್ದನ್ನೆಲ್ಲ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ, ಅಗೋ ಕೆಳಗೆ ಕಿತ್ತಳೆ ಚುಕ್ಕಿಗಳು, ವಾಪಸ್ ಹೋದವರು, ಹತ್ತು, ನೂರು, ಅಯ್ಯಯ್ಯೋ. ಅರ್ಧ ಊರಲ್ಲಿ ಬೆಳಗಿಂದ ಮೊಬೈಲ್ ಸಿಗ್ನಲ್ಲೇ ಇರ್ಲಿಲ್ವಂತೆ, ಈಗ ಬಂತಂತೆ ಅಂದಳು ಪಕ್ಕದ ಮೇಜಿನವಳು, ಹಾಗಾದರೆ ಕೂಡಿಟ್ಟ ಅಂಕಿಗಳನ್ನೆಲ್ಲ ಅಷ್ಟೂ ಮಕ್ಕಳ ಫೋನುಗಳು ಒಟ್ಟಿಗೆ ತಂದು ಸುರಿಯುತ್ತಿವೆ, ವಾಪಸ್ ಕಳಿಸಿದರೆ ಮತ್ತೆ ಬಂದು ಬಾಗಿಲು ಬಡಿಯುತ್ತವೆ, ಆ ನೂಕುನುಗ್ಗಲಲ್ಲಿ ಈಗಷ್ಟೇ ಬಂದ ಅಂಕಿಗೂ ಜಾಗವಿಲ್ಲ — ಫೋನು ನೋಡಿದೆ, ತೊಂಬತ್ತಾರು ಇಲ್ಲ, ಬಾಣವೂ ಇಲ್ಲ, ಎರಡು ಅಡ್ಡಗೆರೆ. ಟೀಚರ್ ನಂಬರ್ ಒತ್ತಿದೆ. ಟೀಚರ್ ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಎತ್ತಿ ಟೀಚರ್, ಎತ್ತಿ. ಮಿತಿಯನ್ನು ತಾನೇ ಏರಿಸಿಕೊಳ್ಳುವ ವ್ಯವಸ್ಥೆ ಇದೆ, ಇಲ್ಲದೇ ಏನು, ಆದರೆ ಅದು ನಮ್ಮ ಭಾವನವರ ಹಾಗೆ, ಬೇಗ ಏಳಿ ಅಂದರೆ ಮೊದಲು ಕನ್ನಡಕ ಹುಡುಕುತ್ತದೆ, ಅಷ್ಟರಲ್ಲಿ ಇಲ್ಲಿ ಒಂದೊಂದು ನಿಮಿಷಕ್ಕೂ ಒಂದೊಂದು ಅಂಕಿ ಹೋಗುತ್ತಿದೆ. ಏನಮ್ಮಾ ಅರವತ್ತು, ಭಾಗಿಸಿದ್ಯಾ, ಹಿಂದೆ ಬಂದು ನಿಂತಿದ್ದಾರೆ ಮೇಷ್ಟ್ರು, ಭಾಗಿಸಿದೀನಿ ಮೇಷ್ಟ್ರೇ, ಇದು ನಿಜವಾದದ್ದು, ನನ್ನ ಫೋನು ನೋಡಿದರು, ಮಗಳಾ ಅಂದರು, ಹೂಂ ಅಂದೆ, ಮೂರು ಪಟ್ಟು ಏರ್ಸು, ಯಾಕೆ ಏರ್ಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳ್ಸು, ಇಷ್ಟೇ, ಪಾಠವಿಲ್ಲ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಮೇಷ್ಟ್ರೇ. ಏರಿಸಿದೆ. ಬದಲಾಗುತ್ತಿದೆ ಎನ್ನುತ್ತದೆ ಪರದೆ, ಬದಲಾಗುತ್ತಲೇ ಇದೆ, ಕೈ ತಾನಾಗಿ ಡೇಟಾಬೇಸ್‌ನ ಅಂಕಿಪಟ್ಟಿ ತೆರೆಯಲು ಹೋಗುತ್ತದೆ, ಒಳಗೆ ಹೋಗಿ ಇರುವೆಯ ಸಾಲು ಹುಡುಕಲೇ, ಯಾರ ಮಗುವಿನ ಅಂಕಿಯನ್ನೂ ನಾವು ತೆರೆದು ನೋಡುವಂತಿಲ್ಲ, ನಮಗೆ ಮೊತ್ತ ಮಾತ್ರ, ನೋಡಿದರೂ ಏನು ಸಿಗುತ್ತದೆ, ಬರೆದುಕೊಳ್ಳದ್ದು ಅಲ್ಲಿ ಎಲ್ಲಿಂದ ಬರಬೇಕು. ಕಾಯುವುದು ಅಂದರೆ ಕಾವಲಿರುವುದು, ಕಾಯುವುದು ಅಂದರೆ ದಾರಿ ನೋಡುವುದು, ಒಲೆಯ ಮೇಲೆ ಹಾಲು ಕಾಯುವುದೂ ಕಾಯುವುದೇ, ಮೂರೂ ಒಟ್ಟಿಗೆ ನನ್ನೊಳಗೇ ನಡೆಯುತ್ತಿದೆ. ಇದೇ ಎರಡು ಅಡ್ಡಗೆರೆ ನೋಡುತ್ತಾ ಈಗ ಎಷ್ಟು ಜನ ಅಮ್ಮಂದಿರು ನಿಂತಿದ್ದಾರೋ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಅವರ ಕೈಗೆ ಏರಿಸಲು ಏನೂ ಇಲ್ಲ, ನನ್ನ ಕೈಗಿದೆ, ಅದಕ್ಕೆ ಯಾರಿಗೆ ಕೈ ಮುಗಿಯಲಿ. ಟೀಚರ್ ಇನ್ನೂ ಎತ್ತಿಲ್ಲ.

ಎದ್ದಿತು, ಕೆಂಪು ಎದ್ದಿತು, ಮೇಲಕ್ಕೆ, ಅದರ ಕೆಳಗೆ ನೀಲಿಯೂ ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆಯಿತು, ನುಗ್ಗಲಿ, ಎಲ್ಲರೂ ಬರಲಿ, ಬನ್ನಿ ಕಂದಮ್ಮಗಳಾ, ಜಾಗ ಇದೆ, ಕಿತ್ತಳೆ ಚುಕ್ಕಿಗಳು ಒಂದೊಂದಾಗಿ ನಿಂತವು, ನಿಂತೇಬಿಟ್ಟವು. ಫೋನು ಕೂಗಿತು, ಬಾಕಿ ಅಂಕಿಗಳು ಸಾಲಾಗಿ ಬರುತ್ತಿವೆ, ಎಂಬತ್ತೊಂಬತ್ತು, ಎಂಬತ್ತು, ಎಪ್ಪತ್ತೊಂದು, ಅರವತ್ತಮೂರು, ಐವತ್ತೇಳು — ಐವತ್ತೇಳು, ಅಯ್ಯೋ ನನ್ನ ಮಗಳೇ, ಯಾರೂ ನೋಡದಿದ್ದಾಗ ನೀನು ಐವತ್ತೇಳರಲ್ಲಿದ್ದೆಯಾ, ಐವತ್ತೇಳು, ಮತ್ತೆ ಐವತ್ತೇಳು, ಅರವತ್ತೊಂದು, ಅರವತ್ತೆಂಟು, ಬಾಣ ಮೇಲೆ, ಮೇಲೆ ಹೇಗೆ, ನಾನು ಹೇಳಲಿಲ್ಲ, ಟೀಚರ್‌ಗೆ ಗೊತ್ತಿಲ್ಲ, ಯಾರು ಏನು ಕೊಟ್ಟರು, ಅಷ್ಟರಲ್ಲಿ ಟೀಚರ್ರೇ ಫೋನ್ ಮಾಡಿದರು, ಮೇಡಂ ಸಾರಿ ಮೇಡಂ, ಫೋನು ಬ್ಯಾಗಲ್ಲಿತ್ತು, ನಿಮ್ಮ ಮಗಳು ನಾಲ್ಕನೇ ಸುತ್ತಲ್ಲಿ ಎಲ್ಲರಿಗಿಂತ ಮುಂದಿದ್ಲು, ಇದ್ದಕ್ಕಿದ್ದಂಗೆ ಪಕ್ಕಕ್ಕೆ ಬಂದು ನೆಲದ ಮೇಲೆ ಕೂತ್ಬಿಟ್ಲು, ನಾನು ಓಡಿಹೋದ್ರೆ ಏನೂ ಆಗಿಲ್ಲ ಟೀಚರ್, ಕೈ ನಡುಗ್ತಿದೆ, ಗ್ಲೂಕೋಸ್ ಮಾತ್ರೆ ತಿಂತಿದೀನಿ, ನೀವು ಮೊದ್ಲು ಅಮ್ಮನಿಗೆ ಫೋನ್ ಮಾಡಿ, ಹೆದರ್ಕೊಂಡಿರ್ತಾಳೆ ಅಂತಾಳೆ ಮೇಡಂ. ಥ್ಯಾಂಕ್ಸ್ ಟೀಚರ್ ಅಂದೆನೋ ಇಲ್ಲವೋ, ಅಳುತ್ತಿದ್ದೇನೆ, ಸಂತೋಷಕ್ಕೇ, ಆಫೀಸಿನ ಮಧ್ಯೆ, ಯಾರು ಬೇಕಾದರೂ ನೋಡಲಿ, ನನ್ನನ್ನು ಕೇಳದೆ, ಯಾವ ಫೋನೂ ಹೇಳದೆ, ಎಲ್ಲರಿಗಿಂತ ಮುಂದಿದ್ದವಳು ತಾನೇ ತಿಳಿದು ಕೂತಳಲ್ಲ, ಅಷ್ಟು ಜನರ ಎದುರಿಗೆ, ತೋಳು ಕಾಣುವ ಹಾಗೆ. ಹೇಗಿದೆ ಈಗ ಅಂದರು ಮೇಷ್ಟ್ರು, ಗೆರೆಯನ್ನು ಕೇಳಿದರೋ ಮಗಳನ್ನೋ, ಇಳೀತಿದೆ ಮೇಷ್ಟ್ರೇ, ಏರ್ತಿದೆ ಮೇಷ್ಟ್ರೇ, ಎರಡೂ ಹೇಳಿದೆ, ಪರದೆಯಲ್ಲಿ ಏನಿದೆಯೋ ನನಗೆ ಕಾಣುತ್ತಿಲ್ಲ, ಮೈದಾನ ಕಾಣುತ್ತಿದೆ, ಓಡುವವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋಗುತ್ತಿದ್ದಾರೆ, ಅವಳು ಕಾಲು ಚಾಚಿ ಕೂತಿದ್ದಾಳೆ, ಅಗಿಯುತ್ತಿದ್ದಾಳೆ, ಮತ್ತೊಬ್ಬಳು ದಾಟಿದಳು, ಮತ್ತೊಬ್ಬಳು, ಅವಳು ಕೂತಿದ್ದಾಳೆ, ನಿಧಾನವಾಗಿ ಅಗಿಯುತ್ತಿದ್ದಾಳೆ