ಯಾರೂ ಇದ್ದ ಹಾಗೇ ಇಲ್ಲ

"ಏಯ್ ಮುದಿಗೊಡ್ಡು, ಆ ಪೊರಕೇನೂ ಆಚೆ ಎಸಿ! ಒಂದು ಕಡ್ಡಿ ಒಳಗೆ ಉಳಿದ್ರೂ ಚರ್ಮ ಸುಲೀತೀನಿ!"

ಕಟ್ಟಡದ ಯಜಮಾನನ ಗುಮಾಸ್ತ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದ. ಮೆಟ್ಟಿಲವ್ವ ಪೊರಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಬಂದಳು. ಚಾಪೆ, ಸೀಮೆಎಣ್ಣೆ ಸ್ಟೌ, ಎರಡು ಪಾತ್ರೆ, ಒಂದು ಸೌಟು, ಸತ್ತ ಗಂಡನ ಸುಣ್ಣದ ಕುಂಚ. ಸಂಸಾರವೆಲ್ಲ ಆಗಲೇ ಬೀದಿಗೆ ಬಂದಿತ್ತು.

ಆ ನಾಲ್ಕಂತಸ್ತಿನ ಕಟ್ಟಡದ ಮೆಟ್ಟಿಲು ಗುಡಿಸುವುದು ಅವಳ ಕೆಲಸ, ಮೆಟ್ಟಿಲ ಕೆಳಗಿನ ಕೋಣೆ ಅವಳ ಮನೆ. ನಿಜವಾದ ಹೆಸರನ್ನು ಕೇಳಿದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಹನ್ನೊಂದು ತಿಂಗಳಿಗೊಮ್ಮೆ ಹೀಗೆ ಎಲ್ಲವನ್ನೂ ಹೊರಗಿಟ್ಟು, ಮೊಳೆ ಕಿತ್ತು, ತೂತು ಮುಚ್ಚಿ, ಗೋಡೆಗೆ ಸುಣ್ಣ ಬಳಿದು, ಬೀಗದ ಕೈ ಒಪ್ಪಿಸಿ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಒಂದು ಹಗಲು ಬೀದಿಯಲ್ಲಿ ಕೂರಬೇಕು. ಸಂಜೆ ಇನ್ನೊಂದು ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮತ್ತೆ ಒಳಗೆ. ಯಾಕೆಂದು ಅವಳು ಕೇಳಿರಲಿಲ್ಲ. ದೊಡ್ಡವರ ಪದ್ಧತಿ, ಏನೋ ಇರಬೇಕು ಎಂದುಕೊಂಡಿದ್ದಳು.

ಗಂಡ ಸುಣ್ಣ ಹೊಡೆಯುವವನು. ಕುಂಚದ ಗೆರೆ ಕಾಣದ ಹಾಗೆ ಬಳಿಯುವುದನ್ನು ಅವನೇ ಕಲಿಸಿದ್ದ. ಯಜಮಾನ ಪ್ರತಿ ಸಲ ಇಣುಕಿ, "ಭೇಷ್! ಯಾರೂ ಇದ್ದ ಹಾಗೇ ಇಲ್ಲ ನೋಡು!" ಎನ್ನುತ್ತಿದ್ದ. ಗಂಡ ಹೆಂಡತಿ ಆ ಮಾತಿಗೆ ಉಬ್ಬಿಹೋಗುತ್ತಿದ್ದರು. ಗಂಡ ಹೋದ ಮೇಲೆ ಆರು ವರ್ಷ ಅವಳೊಬ್ಬಳೇ ಉಬ್ಬಿದಳು. ಹೇಳಿಕೊಳ್ಳಲು ಇನ್ನೊಂದು ಜೀವವಿರಲಿಲ್ಲ. ತಿಂಗಳುಗಟ್ಟಲೆ ಅವಳ ಬಾಯಿಂದ ಹೊರಡುತ್ತಿದ್ದ ಮಾತೆಂದರೆ, "ಸ್ವಲ್ಪ ಕಾಲೆತ್ತಿ ಸ್ವಾಮಿ" ಅಷ್ಟೇ.

ಈ ಸಲ ಯಜಮಾನನ ಜೊತೆ ಚರ್ಮದ ಚೀಲದ ಸಾಹೇಬನೊಬ್ಬ ಬಂದ. ಕಟ್ಟಡದ ಯಾವ ಕೋಣೆ ಯಾರ ಕೈಲಿದೆ ಎಂದು ಬರೆದುಕೊಳ್ಳುವುದು ಅವನ ಕೆಲಸ.

"ಇದು?"

"ಖಾಲಿ ಸಾರ್. ಪೊರಕೆ ಇಡೋ ಜಾಗ," ಎಂದ ಯಜಮಾನ.

ಸಾಹೇಬ ಬಾಯಲ್ಲಿ ಹೇಳುತ್ತಲೇ ಬರೆದ: "ಮೆಟ್ಟಿಲ ಕೆಳಗಿನ ಕೋಣೆ. ಖಾಲಿ. ಯಾರ ಸ್ವಾಧೀನದಲ್ಲೂ ಇಲ್ಲ."

"ಅಯ್ಯೋ ಸ್ವಾಮಿ, ನಾನಿದ್ದೀನಲ್ಲ! ಇಪ್ಪತ್ತೆರಡು ವರ್ಷ ಆಯ್ತು."

"ಇರೋದು ಬೇರೆ, ಸ್ವಾಧೀನ ಬೇರೆ ಕಣಮ್ಮ. ಬೀಗದ ಕೈ ಯಾರ ಹತ್ರ ಇದೆ?"

"ಅವರ ಹತ್ರ. ಇವತ್ತೊಂದಿನ ಮಾತ್ರ..."

"ಸಾಮಾನು?"

"ಬೀದೀಲಿ."

ಅವನು ಗೋಡೆ ಸವರಿದ. ಬೆರಳಿಗೆ ಹಸಿ ಸುಣ್ಣ ಹತ್ತಿತು. "ಯಾರಾದ್ರೂ ಇದ್ದ ಗುರುತೇ ಇಲ್ವಲ್ಲ? ಪ್ರತಿ ಸಲ ನೀನೇ ಬಿಟ್ಟುಕೊಟ್ಟಿದ್ದೀಯ ಅಂತ ಹೆಬ್ಬೆಟ್ಟೂ ಇದೆ."

ಗುಮಾಸ್ತ ಕಾಗದದ ಕಟ್ಟು ಎತ್ತಿ ತೋರಿಸಿದ. ಮೆಟ್ಟಿಲವ್ವ ಯಜಮಾನನ ಕಡೆ ತಿರುಗಿದಳು.

"ಸಂಜೆ ಹೊಸ ಕಾಗದ ಕೊಡ್ತೀರಲ್ಲ, ಧಣಿ?"

"ಇನ್ನು ಕಾಗದ ಗೀಗದ ಇಲ್ಲ. ಕಟ್ಟಡ ಮಾರ್ತಿದ್ದೀನಿ. ಎಲ್ಲಾದ್ರೂ ಹಾಳಾಗಿ ಹೋಗು."

ಅವಳು ಸುಣ್ಣ ಹತ್ತಿದ ತನ್ನ ಅಂಗೈ ನೋಡಿಕೊಂಡಳು. ಅವರು ಹೊರಹಾಕಿದ್ದಲ್ಲ, ತನ್ನನ್ನು ತಾನೇ, ತನ್ನ ಕೈಯಾರೆ ಅಳಿಸಿಕೊಂಡಿದ್ದಳು. ಅದೂ ಗೆರೆ ಕಾಣದ ಹಾಗೆ!

ಬೀದಿಯಿಂದ ಸೌಟು ತಂದು, ಗುಮಾಸ್ತನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಮೂಲೆಯ ಗೋಡೆ ಕೆರೆದಳು. ಕೆಲಸದಿಂದ ಬಂದ ಗಂಡ ತಲೆ ಒರಗಿಸಿ ಕೂರುತ್ತಿದ್ದುದು ಅಲ್ಲೇ. ಅವನ ಎಣ್ಣೆತಲೆಯ ಕಲೆ ಪ್ರತಿ ವರ್ಷ ಸುಣ್ಣದೊಳಗಿಂದ ಮೂಡುತ್ತಿತ್ತು, ಪ್ರತಿ ವರ್ಷ ಅವಳು ಬೈಯುತ್ತಾ ಮುಚ್ಚುತ್ತಿದ್ದಳು. ಸುಣ್ಣ ಪದರ ಪದರವಾಗಿ ಉದುರಿತು. ಕಂದು ಬಣ್ಣದ ದುಂಡನೆಯ ಕಲೆ ಕಂಡಿತು.

"ಇದು ನನ್ನ ಗಂಡನ ತಲೆ. ಬರ್ಕೊಳ್ಳಿ."

"ಕಲೇನ ಹೇಗಮ್ಮ ಬರ್ಕೊಳ್ಳೋದು?"

"ಹಂಗಾದ್ರೆ ನನ್ನ ಬರ್ಕೊಳ್ಳಿ." ಆ ಕಲೆಗೇ ತಲೆ ಒರಗಿಸಿ ಕೂತುಬಿಟ್ಟಳು.

"ಏಳೇ ಬೋಸುಡಿ!" ಗುಮಾಸ್ತ ಅರಚಿದ. "ಬೀಗ ಜಡಿದ್ರೆ ಒಳಗೇ ಕೊಳೆತು ಸಾಯ್ತೀಯ!"

"ಜಡಿಯೋ ಬೋಳೀಮಗನೆ. ಹೆಣ ಹೊರೋಕೆ ನೀನೇ ಬರ್ಬೇಕು. ಆಗ ಏನಂತ ಬರೆಸ್ತೀಯ, ಖಾಲಿ ಅಂತಾನಾ?"

ಬಾಗಿಲು ದಡಾರನೆ ಮುಚ್ಚಿತು. ಹೊರಗೆ ಬೀಗ ಬಿತ್ತು. ಅವಳು ಎದ್ದು ಒಳಗಿನಿಂದ ಚಿಲಕ ಹಾಕಿದಳು.

ಕೋಣೆಗೆ ಕಿಟಕಿಯಿರಲಿಲ್ಲ. ಕತ್ತಲಲ್ಲಿ ಎದುರಿನ ಗೋಡೆ ತಡಕಿದಳು. ಸ್ಟೌ ಇಡುತ್ತಿದ್ದ ಜಾಗ, ಸುಣ್ಣದಡಿಯ ಮಸಿ ಅಲ್ಲೆಲ್ಲೋ ಇರಬೇಕು. ಹೊರಗೆ ಮಾತು ನಿಂತಿತ್ತು, ಯಾರೂ ಹೋದ ಸದ್ದೂ ಇರಲಿಲ್ಲ. ಸೌಟನ್ನು ಗಟ್ಟಿಯಾಗಿ ಹಿಡಿದು ಕೆರೆಯತೊಡಗಿದಳು.