ಎದ್ದು ನಿಂತರೆ ಒಪ್ಪಿಗೆ

ನಮ್ಮ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಪಟ್ಟ ಒಪ್ಪಿಕೊಳ್ಳುವವರು ಬಾಯಿ ತೆರೆಯಬೇಕಾಗಿಲ್ಲ. ಸಭೆಯಲ್ಲಿ ಹೆಸರು ಕರೆದಾಗ ಎದ್ದು ನಿಂತರೆ ಒಪ್ಪಿಗೆ, ಕೂತೇ ಇದ್ದರೆ ಬೇಡ ಎಂದರ್ಥ. ಇದುವರೆಗೆ ಯಾರೂ ಕೂತವರಿಲ್ಲ. ನಾನು ಕೂರುವವಳಿದ್ದೆ.

ಈಗ ನಿವೃತ್ತರಾಗುತ್ತಿರುವ ಹೆಡ್ ನರ್ಸ್ ಹಿರಿಯಕ್ಕನಿಗೆ ಮೊಣಕಾಲು ನೋವು ಬಂದಂದಿನಿಂದ ಅವರ ಓಡಾಟವೆಲ್ಲ ನನ್ನ ತಲೆಗೇ ಬಿದ್ದಿತ್ತು. ನನ್ನ ಪಾದಗಳು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಇನ್ನು ಪಟ್ಟವೊಂದನ್ನು ಕಟ್ಟಿ ಮತ್ತಷ್ಟು ದುಡಿಸಿಕೊಳ್ಳುವ ಉಪಾಯ ಬೇರೆ! ಹೆಡ್ ಆದವರಿಗೆ ಮೊದಲ ವರ್ಷ ರಜೆಯೇ ಇಲ್ಲ. ನನಗೆ ಸಾಕುಸಾಕಾಗಿ ಹೋಗಿತ್ತು.

ಬೆಳಿಗ್ಗೆ ತುಂಬು ಗರ್ಭಿಣಿ ಮಗಳು ನನ್ನ ಕಾಲು ನೋಡಿ ಕೇಳಿದಳು, "ಅಮ್ಮಾ, ನನ್ನ ಮದುವೆ ದಿನಾನೂ ಊಟದ ಮಧ್ಯ ಎದ್ದು ವಾರ್ಡಿಗೆ ಓಡಿದೆ. ಬಾಣಂತನಕ್ಕಾದ್ರೂ ಮನೇಲಿ ಇರ್ತೀಯಾ?"

"ಇರ್ತೀನಿ ಪುಟ್ಟಿ. ಇವತ್ತು ಜಪ್ಪಯ್ಯ ಅಂದ್ರೂ ಏಳಲ್ಲ."

ಸಭೆಯಲ್ಲಿ ಭಾಷಣಗಳು ಹನುಮಂತನ ಬಾಲದಂತೆ ಬೆಳೆದವು. ಕೊನೆಗೂ ನಿರ್ದೇಶಕರು ನನ್ನ ಹೆಸರು ಕರೆದರು. ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ. ಮತ್ತೊಮ್ಮೆ ಕರೆದರು. ಹಿಂದೆ ಗುಸುಗುಸು ಶುರುವಾಯಿತು. ನನ್ನ ಜೊತೆ ಬಂದು ಪಕ್ಕದಲ್ಲೇ ಕೂತಿದ್ದ ಮಗಳು ಏಳಬೇಡ ಎಂಬಂತೆ ನನ್ನ ಮೊಣಕೈ ಒತ್ತಿದಳು.

ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯಕ್ಕನ ಯಜಮಾನರ ಕಡೆ ಕಣ್ಣು ಹೋಯಿತು. ಸಕ್ಕರೆ ಕಾಯಿಲೆಯವರು, ಊಟದ ಹೊತ್ತು ಮೀರಿ ಸಕ್ಕರೆ ಇಳಿದಿರಬೇಕು. ಕುತ್ತಿಗೆಯೆಲ್ಲ ಬೆವರಿ ತಲೆ ಒಂದು ಕಡೆ ವಾಲುತ್ತಿತ್ತು.

ನಾನು ಎದ್ದೆ. ಇಡೀ ಸಭೆ ಚಪ್ಪಾಳೆ ತಟ್ಟಿತು.

"ನೀರು ಕೊಡ್ರೋ!" ಎಂದು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಮಗಳೇ ತನ್ನ ಬಾಟಲಿ ಚಾಚಿದಳು. ನನ್ನ ಚೀಲದಲ್ಲಿದ್ದ ಗ್ಲೂಕೋಸ್ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಅವರು ಸುಧಾರಿಸಿಕೊಂಡು ನೆಟ್ಟಗೆ ಕೂರುವಷ್ಟರಲ್ಲಿ ಹಿರಿಯಕ್ಕ ಅಳುತ್ತಾ ಬಂದು ನನ್ನ ಎದೆಗೆ ಹೆಡ್ ನರ್ಸ್ ಬಿಲ್ಲೆ ಚುಚ್ಚಿಬಿಟ್ಟಿದ್ದರು.

"ನಾನು ಎದ್ದಿದ್ದು ಇದಕ್ಕಲ್ಲಕ್ಕಾ."

"ಗೊತ್ತು ಕಣೇ. ಅದಕ್ಕೇ ನೀನೇ ಆಗ್ಬೇಕು."

ಮಗಳ ಮುಖ ನೋಡಲು ನಾಚಿಕೆಯಾಯಿತು. ಅವಳೇ ಹತ್ತಿರ ಬಂದು ಸೊಟ್ಟಗಿದ್ದ ಬಿಲ್ಲೆಯನ್ನು ನೇರ ಮಾಡಿದಳು.

"ಹೋಗ್ಲಿ ಬಿಡಮ್ಮಾ. ಹೆರಿಗೆ ಆದ್ಮೇಲೂ ನಾನು ನಿನ್ನ ವಾರ್ಡಲ್ಲೇ ಇದ್ಬಿಡ್ತೀನಿ. ಪೇಷಂಟ್ ಆದ್ರೆ ತಾನೇ, ಕರೆದಾಗ ನೀನು ಬರೋದು."