ಬೇಡದ ಪಟ್ಟಿ

ಒಂದು ಪಟ್ಟಿಗೆ ಮೂರು ಗಂಟೆ, ಎರಡು ಲೋಟ ಚಹಾ, ಒಂದು ಕುತ್ತಿಗೆ ನೋವು. ವಾರಕ್ಕೆ ನಾಲ್ಕು ಪಟ್ಟಿ. ಹಾಗೆ ಆರು ವರ್ಷ. ಅಷ್ಟರಲ್ಲಿ ಕನ್ನಡಕದ ನಂಬರು ಎರಡು ಸಲ ಏರಿತ್ತು.

ಲಿನಕ್ಸ್ ಕಂಪ್ಯೂಟರುಗಳಿಗೆ ಹೋಗುವ ಸಾಫ್ಟ್‌ವೇರನ್ನು ಬುತ್ತಿಯಂತೆ ಪ್ಯಾಕೇಜು ಕಟ್ಟುವ ಕಚೇರಿ ಅದು. ಒಳಗೆ ಹೋಗುವ ಒಂದೊಂದು ಫೈಲಿನ ಹೆಸರನ್ನೂ ಪಟ್ಟಿಯಲ್ಲಿ ಬರೆಯಬೇಕು. ಒಂದು ಬಿಟ್ಟರೂ ಯಂತ್ರ ಮುನಿಸಿಕೊಂಡು ನಿಲ್ಲುತ್ತದೆ. ಬರೆಯುವವಳು ಇವಳು. ಎಲ್ಲರ ಬಾಯಲ್ಲಿ ಪಟ್ಟಿಯಮ್ಮ.

ಕೊನೆಗೆ ಎಂಟು ಭಾನುವಾರ ಕೂತು, ಪಟ್ಟಿಯನ್ನು ತಾನಾಗಿ ತಯಾರಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದಳು. ತೋರಿಸಿದ್ದು ಒಬ್ಬನಿಗೇ, ಅಕ್ಕನ ಗಂಡನಿಗೆ. ಅವನನ್ನು ಆ ಕಚೇರಿಗೆ ಸೇರಿಸಿದ್ದೂ ಇವಳೇ. ಸೋಮವಾರದ ಮೀಟಿಂಗಿನಲ್ಲಿ ಅವನು ಅದನ್ನು ತನ್ನದೆಂದು ತೋರಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇವಳಿಗೆ ಬರಬೇಕಿದ್ದ ಮುಖ್ಯಸ್ಥನ ಕುರ್ಚಿ ಅವನಿಗೆ ಹೋಯಿತು.

"ಭಾವ, ಅದು ನನ್ನ ಕೆಲಸ."

"ಅಯ್ಯೋ, ನಿಂದು ನಂದು ಅಂತ ಮನೇಲಿ ಯಾರಾದ್ರೂ ನೋಡ್ತಾರೇನಮ್ಮ?"

"ಮನೇಲಿ ನೋಡಲ್ಲ. ಕಚೇರೀಲಿ ನೋಡ್ತಾರೆ."

"ಇದನ್ನ ಹೇಳಿ ನಿಮ್ಮಕ್ಕನ್ನ ಅಳಿಸ್ಬೇಡ ಅಷ್ಟೆ."

ಅಕ್ಕನ ಮುಖ ನೆನೆದು ದೂರು ಕೊಡದೆ ತನ್ನ ಮೇಜಿಗೆ ಮರಳಿದಳು.

ಮಾರನೆಯ ದಿನವೇ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಕೈಯಲ್ಲಿ ಬರೆದ ಪಟ್ಟಿ ಬೇಕಾದ್ದನ್ನು ಹೆಕ್ಕುತ್ತದೆ. ಸ್ಕ್ರಿಪ್ಟ್ ಫೋಲ್ಡರಿನಲ್ಲಿ ಬಿದ್ದದ್ದನ್ನೆಲ್ಲ ಬಾಚುತ್ತದೆ. ಅದಕ್ಕೇ ಅವಳು 'ಬೇಡದ ಪಟ್ಟಿ' ಎಂದು ಇನ್ನೊಂದು ಫೈಲ್ ಮಾಡಿದ್ದಳು. ಗೀಚಿದ್ದು, ಸ್ವಂತಕ್ಕೆ ಬರೆದಿಟ್ಟದ್ದು, ಹಳೆಯ ಪ್ರತಿ, ಇಂಥವು ಒಳಗೆ ಹೋಗದಂತೆ ತಡೆಯುವುದು ಅದೇ. ಭಾವ ಕದ್ದದ್ದು ಸ್ಕ್ರಿಪ್ಟನ್ನು ಮಾತ್ರ. ಬೇಡದ ಪಟ್ಟಿ ಇವಳ ಫೋಲ್ಡರಿನಲ್ಲೇ ಉಳಿದಿತ್ತು. ಅದಿಲ್ಲದಿದ್ದರೂ ಸ್ಕ್ರಿಪ್ಟ್ ಚಕಾರವೆತ್ತದೆ ಓಡುತ್ತಿತ್ತು.

ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ನೋಡೋಣ ಎಂದು ನುಂಗಿಕೊಂಡಳು.

ಭಾವನಿಗೆ ತನ್ನ ಖಾಸಗಿ ಫೈಲನ್ನೂ ಪ್ಯಾಕೇಜಿನ ಫೋಲ್ಡರಿನಲ್ಲೇ ಉಳಿಸುವ ಚಟ. ಮೂರನೆಯ ತಿಂಗಳು, ದೊಡ್ಡ ಗಿರಾಕಿಗಳಿಗೆ ಹೋಗುವ ಪ್ಯಾಕೇಜು ಕಟ್ಟುವಾಗ ಅವಳ ಪರದೆಯ ಮೇಲೆ ಪಟ್ಟಿ ಸರಿಯಿತು. ಎಂಟುನೂರ ಹನ್ನೆರಡನೆಯ ಸಾಲು: 'ಪಟ್ಟಿಯಮ್ಮನನ್ನು ತೆಗೆಯುವ ಬಗ್ಗೆ'. ಅವಳು ತೆರೆದು ಓದಿದಳು. ಕಂಪನಿಯ ಯಜಮಾನರಿಗೆ ಭಾವ ಬರೆದ ಕಾಗದ. "ನನ್ನ ಸ್ಕ್ರಿಪ್ಟ್ ಇರುವಾಗ ಈಕೆಯ ಸಂಬಳ ದಂಡ."

ಆದರೂ ಒಂದು ಸಲ ಕೇಳಿದಳು.

"ಭಾವ, ಕಳಿಸೋ ಮುಂಚೆ ಪಟ್ಟಿ ಒಂದ್ಸಲ ನೋಡ್ತೀರಾ?"

"ಯಂತ್ರ ಬರೆದಿದ್ದನ್ನ ಮತ್ತೆ ನೋಡೋದಾ? ನಿನ್ನ ಕನ್ನಡಕ ಒರೆಸ್ಕೋ ಹೋಗಮ್ಮ!"

ಕೋಣೆಯೆಲ್ಲ ನಕ್ಕಿತು.

"ಸರಿ ಭಾವ," ಎಂದಳು. ಕನ್ನಡಕ ತೆಗೆದು ನಿಜವಾಗಿಯೂ ಒರೆಸಿಕೊಂಡಳು.

ಕಾಗದ ಒಂಬೈನೂರು ಗಿರಾಕಿಗಳ ಕಂಪ್ಯೂಟರಿಗೆ ಹೋಯಿತು. ನಾಲ್ಕನೆಯ ದಿನ ಯಜಮಾನರು ಎಲ್ಲರನ್ನೂ ಕರೆದರು.

"ಇದು ಒಳಗೆ ಹೇಗೆ ಹೋಯ್ತು? ಸ್ಕ್ರಿಪ್ಟ್ ನಿಮ್ದೇ ತಾನೇ, ಹೇಳಿ."

ಭಾವ ಸ್ಕ್ರಿಪ್ಟ್ ತೆರೆದ. ಮೇಲಕ್ಕೂ ಕೆಳಕ್ಕೂ ಓಡಿಸಿದ. ಬೆವರಿದ. "ವೈರಸ್ ಇರ್ಬೇಕು ಸಾರ್," ಎಂದ.

"ಏಳನೇ ಸಾಲು ನೋಡಿ ಭಾವ," ಎಂದಳು ಹಿಂದಿನ ಕುರ್ಚಿಯಿಂದ. "ಬೇಡದ ಪಟ್ಟಿ ಇದ್ದರೆ ಓದು ಅಂತ ಬರೆದಿದೆ. ಆ ಪಟ್ಟಿ ನನ್ನ ಹತ್ರ ಇದೆ. ಬರೆದ ತಾರೀಖು ಅದರ ಮೇಲೇ ಇದೆ, ನೀವು ಮೀಟಿಂಗಲ್ಲಿ ತೋರಿಸೋಕೆ ಎರಡು ವಾರ ಮುಂಚಿನದು."

ಯಜಮಾನರು ತಾರೀಖು ನೋಡಿದರು. ಭಾವನನ್ನು ತಮ್ಮ ಕೋಣೆಗೆ ಕರೆದರು.

ಸುಳ್ಳೇಕೆ, ಆ ವಾರ ಅವಳಿಗೆ ಊಟ ಚೆನ್ನಾಗಿ ರುಚಿಸಿತು.

ಭಾವ ಕೆಲಸ ಬಿಡಬೇಕಾಯಿತು. ಅವಳಿಗೆ ಕುರ್ಚಿ ಸಿಕ್ಕಿತು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹೆಸರೂ ಸಿಕ್ಕಿತು. ಅಕ್ಕ ಒಂದೇ ಒಂದು ಸಲ ಫೋನ್ ಮಾಡಿ, "ಹೀಗಾಗುತ್ತೆ ಅಂತ ಮೂರು ತಿಂಗಳು ಗೊತ್ತಿದ್ದೂ ಸುಮ್ನಿದ್ದೆಯಲ್ಲೇ," ಎಂದಳು. ಆಮೇಲೆ ಮಾತು ಬಿಟ್ಟಳು.